ಕಾಕಾನ ದನಿಗೆ ನಾನು ಕೊಟ್ಟ ಕರೆಂಟು

ಟುಕ್ ಟುಕ್ ಟುಕ್... ಕೊಣ್ಣೂರಿನ ಹಿಟ್ಟಿನ ಗಿರಣಿಯ ಆಯಿಲ್ ಇಂಜಿನ್ನಿನ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದರ ಬಾಯಿ ಮುಚ್ಚಿಸಿದ ಏಕೈಕ ಹೆಂಗಸು ನಾನು!

ಆ ಗಿರಣಿಯ ಓಣಿಯಲ್ಲೇ ನಮ್ಮ ಯಜಮಾನರ ಕಾಕಾ ಪುರಾಣ ಹೇಳುತ್ತಿದ್ದರು. ಗಂಟಲು ಬೇನೆಯಾದ ಮೇಲೆ ಅವರ ದನಿ ನೂಲಿನೆಳೆಯಷ್ಟಾಯಿತು. ಹಿಂದೆ ಕೂತವರು ಕೇಳಿಸದೆ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು.

"ಈ ಸಲಾನೂ ಮಂದಿ ಎದ್ದು ಹೋದ್ರ ಪುಸ್ತಕ ಕಟ್ಟಿ ಇಟ್ಟಬಿಡತೇನವಾ," ಎಂದರು ಕಾಕಾ. ನನ್ನ ಮುಖ ನೋಡದೆ ಹೇಳಿದರು.

ನಾನೋ ಕಾನ್ವೆಂಟಿನಲ್ಲಿ ಸೈನ್ಸ್ ಓದಿದವಳು! ಗೋಕಾಕದ ಮನೆಯಲ್ಲಿ ಕೂತು, ಹಳೆಯ ರೇಡಿಯೋದ ವಾಲ್ವುಗಳನ್ನು ಕಿತ್ತು, ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಕಟ್ಟಿದೆ. ಉಳಿದದ್ದು ಒಂದೇ ಪ್ರಶ್ನೆ: ಅದಕ್ಕೆ ಪವರ್ ಎಲ್ಲಿಂದ?

"ಲಾರಿ ಬ್ಯಾಟರಿ ಮ್ಯಾಲ ನಡಿಯೂ ಹಂಗ ಮಾಡು. ಎಲ್ಲಿಗೆ ಬೇಕಾದ್ರೂ ಒಯ್ಯಾಕ ಬರತೈತಿ," ಎಂದರು ಯಜಮಾನರು.

"ಆ್ಯಸಿಡ್ ಚೆಲ್ಲಿ ಸೀರಿ ತೂತಾದ್ರ? ಮೇನ್ಸ್ ಕರೆಂಟ್, ಟ್ರಾನ್ಸ್‌ಫಾರ್ಮರ್. ದಟ್ ಈಸ್ ಸೈಂಟಿಫಿಕ್ ರೀ!"

ಸೀರೆ ಗೆದ್ದಿತು. ಮನೆಯಲ್ಲಿ ಯಂತ್ರ ಎಷ್ಟು ಚೆನ್ನಾಗಿ ನಡೆಯಿತೆಂದರೆ, ನಾನು ಮೈಕಿನಲ್ಲಿ ಕೆಮ್ಮಿದ್ದಕ್ಕೆ ಪಕ್ಕದ ಓಣಿಯಿಂದ ಕಷಾಯ ಬಂತು.

ಯಂತ್ರ ಹೊತ್ತು ಕೊಣ್ಣೂರಿಗೆ ಹೋದರೆ, ಪುರಾಣದ ಓಣಿಗೆ ಇನ್ನೂ ವಿದ್ಯುತ್ ಕಂಬ ಬಂದಿರಲಿಲ್ಲ. ಗಿರಣಿಯ ಮಲ್ಲಪ್ಪ ತನ್ನ ಇಂಜಿನ್ನಿಗೆ ಡೈನಾಮೋ ಜೋಡಿಸಿ ದೀಪ ಉರಿಸುತ್ತಿದ್ದ.

"ಎಷ್ಟು ವೋಲ್ಟ್?" ಎಂದೆ, ಗಂಭೀರವಾಗಿ.

"ಎರಡನೂರಾ ಇಪ್ಪತ್ತರಿ ಬಾಯಾರ."

ಪರ್ಫೆಕ್ಟ್! ಬಲ್ಬೂ ಝಗಝಗಿಸುತ್ತಿತ್ತು. ಸ್ವಿಚ್ ಹಾಕಿದೆ. ಫ್ಯೂಸ್ ಹೋಯಿತು. ದಪ್ಪ ತಂತಿ ಹಾಕಿದೆ. ಈ ಸಲ ಫ್ಯೂಸ್ ಹೋಗಲಿಲ್ಲ. ಉಳಿದದ್ದೆಲ್ಲ ಹೋಯಿತು!

ಟ್ರಾನ್ಸ್‌ಫಾರ್ಮರಿನಿಂದ ದಟ್ಟ ಹೊಗೆ ಎದ್ದಿತು. ಮುಂದಿನ ಸಾಲಿನ ಅಜ್ಜಿ ಧೂಪವೆಂದು ತಿಳಿದು ಭಕ್ತಿಯಿಂದ ಕೈಮುಗಿದು, "ಲೋಬಾನ ಭಾಳ ಘಾಟ ಐತೆವಾ," ಎಂದಳು. ಇಂಜಿನ್ ನರಳಿ ನಿಂತಿತು. ಓಣಿಯೆಲ್ಲ ಕತ್ತಲೆ.

ಮಲ್ಲಪ್ಪ ಓಡಿ ಬಂದ. "ಡೈನಾಮೋದ್ದು ಡಿ.ಸಿ. ಕರೆಂಟ್ರಿ! ಬಲ್ಬಿಗೆ ನಡಿತೈತಿ. ಟ್ರಾನ್ಸ್‌ಫಾರ್ಮರಿಗೆ ಎ.ಸಿ. ಬೇಕು."

"ಮೊದಲ ಹೇಳಬಾರದಿತ್ತಾ?"

"ಇಂಗ್ಲಿಷ್ ಕಲ್ತವರಿಗೆ ನಾ ಏನ್ ಹೇಳ್ಲಿ ಅಂತ ಸುಮ್ನಿದ್ದೆ ರೀ!"

ಯಜಮಾನರು ತೂತಾಗದ ನನ್ನ ಸೀರೆಯನ್ನು ಒಮ್ಮೆ ನೋಡಿದರು, ಅಷ್ಟೇ.

ಕಾಕಾ ಪುಸ್ತಕ ಮುಚ್ಚಿದ್ದರು. ನನಗೆ ಅಳು ಬಂತು. ಅಷ್ಟರಲ್ಲಿ ಯಾರೋ ಕಂದೀಲು ಹಚ್ಚಿ ಅವರ ಮುಂದಿಟ್ಟರು. ಬೆಳಕಿದ್ದದ್ದು ಅಲ್ಲಿ ಮಾತ್ರ. ಹಿಂದಿದ್ದವರೆಲ್ಲ ಸರಿದು ಸರಿದು ಮುಂದೆ ಬಂದು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಇಂಜಿನ್ನಿನ ಗದ್ದಲವೂ ಇಲ್ಲ. ಕಾಕಾ ಮೆಲ್ಲಗೆ ಪುಸ್ತಕ ತೆರೆದರು. ಪ್ರತಿ ಅಕ್ಷರ ಕೇಳಿಸಿತು. ಒಬ್ಬರೂ ಏಳಲಿಲ್ಲ.

"ಮಂದೀನ ಮುಂದ ಕರಿಯಾಕ ಇಷ್ಟ ಹೊಗಿ ಹಾಕಬೇಕಿತ್ತೇನವಾ?" ಎಂದು ಕಡೆಗೆ ಕಾಕಾ ನಕ್ಕರು.

ಆಮೇಲೆ ಅವರು ಎಲ್ಲಿ ಓದಿದರೂ ಒಂದೇ ಕಂದೀಲು, ಸುತ್ತಲೂ ಜನ. ಕಡೆಯ ಸಲ ಅವರನ್ನು ನೋಡಿದ್ದು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ. ಪುರಾಣ ಹೇಳಲು ತುಕ್ಕಾನಟ್ಟಿಗೆ ಹೊರಟಿದ್ದರು. ಕಿಟಕಿಯಿಂದ ಬಾಗಿ ಏನೋ ಹೇಳಿದರು.

"ಏನಂದ್ರಿ ಕಾಕಾ?"

ಮತ್ತೆ ಹೇಳಿದರು. ಬಸ್ಸು ಗುರ್ ಎಂದಿತು. ನಾನು ಎಲ್ಲ ತಿಳಿದವಳಂತೆ "ಹೂಂ ರೀ, ಹೂಂ" ಎಂದು ತಲೆಯಾಡಿಸಿದೆ. ಅವರು ಸಮಾಧಾನದಿಂದ ಒರಗಿ ಕೂತರು. ಬಸ್ಸು ಹೋಯಿತು.

ಯಾವುದಕ್ಕೆ ಒಪ್ಪಿಕೊಂಡೆನೋ, ಇಂದಿಗೂ ಗೊತ್ತಿಲ್ಲ!