ಡಾಕ್ಟರ ಕೈಯ ಮಣ್ಣಿನ ಗಣಪತಿ

ಪರ್ತ್ ನಗರದ ಎಲೆನ್‌ಬ್ರೂಕ್ ಬಡಾವಣೆಯಲ್ಲಿ ಡಾಕ್ಟರ್ ಮಹಾಬಲೇಶ್ವರರ ಬಲಗೈ ತೋರುಬೆರಳಿನ ಗೆಣ್ಣಿಗೆ ಇರುವ ಕೀರ್ತಿ ಆ ಕೈಯ ಉಳಿದ ಭಾಗಕ್ಕಿಲ್ಲ, ಡಾಕ್ಟರಿಗಂತೂ ಇಲ್ಲವೇ ಇಲ್ಲ. ಲೋಕದ ಯಾವ ವಸ್ತುವನ್ನೂ ಅವರು ಕುಟ್ಟಿ ನೋಡದೆ ಒಪ್ಪಿದವರಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಹಲಸಿನ ಹಣ್ಣು, ಇವನ್ನು ನಾವೂ ಕುಟ್ಟುತ್ತೇವೆ, ನೀವೂ ಕುಟ್ಟುತ್ತೀರಿ. ಡಾಕ್ಟರು ಕಾರು ಕೊಳ್ಳುವಾಗ ಬಾನೆಟ್ ಕುಟ್ಟಿದರು. ಮನೆ ಕೊಳ್ಳುವಾಗ ಗೋಡೆಗಳನ್ನು ಒಂದೊಂದಾಗಿ ಕುಟ್ಟಿದರು. ಮನೆ ತೋರಿಸಲು ಬಂದಿದ್ದ ಏಜೆಂಟ್ ಹೊರಗೆ ಯಾರೋ ಬಂದರೆಂದು ಎರಡು ಸಲ ಹೋಗಿ ಬಾಗಿಲು ತೆರೆದು ಬಂದ. ಕ್ಲಿನಿಕ್ಕಿನಲ್ಲಿ ರೋಗಿಗಳ ಬೆನ್ನು ಕುಟ್ಟುವುದಕ್ಕಂತೂ ಅವರಿಗೆ ಸರ್ಕಾರವೇ ಪರವಾನಗಿ ಕೊಟ್ಟಿತ್ತು. ವಾರದ ಸಂತೆಯಲ್ಲಿ ಅವರು ಕಲ್ಲಂಗಡಿ ರಾಶಿಯ ಮುಂದೆ ಕಿವಿ ಬಾಗಿಸಿ ನಿಂತರೆಂದರೆ ಹಿಂದೆ ನಾಲ್ಕು ಜನ ಬಿಳಿಯರು ಸಾಲು ಹಚ್ಚುತ್ತಿದ್ದರು.

ಅವರ ಶಾಸ್ತ್ರ ಬಹಳ ಸರಳ. "ಠಣ್ ಅಂದ್ರೆ ಒಳ್ಳೇ ಮಾಲು. ದಬ್ ಅಂದ್ರೆ ವಾಪಸ್ ಇಡು."

ಇಪ್ಪತ್ತೇಳು ವರ್ಷಗಳ ಹಿಂದೆ ಮೈಸೂರಿನಲ್ಲಿ ಹೆಣ್ಣು ನೋಡಲು ಹೋದವರು, ಕೈಗೆ ಬಂದ ಕಾಫಿ ಲೋಟವನ್ನು ಕುಟ್ಟಿ, ಭಾವೀ ಮಾವನವರ ಎದುರಿನಲ್ಲೇ "ಇದು ಬೆಳ್ಳಿ ಅಲ್ಲ" ಎಂದು ತೀರ್ಪು ಕೊಟ್ಟಿದ್ದರು.

"ಅವತ್ತೇ ನಮ್ಮಪ್ಪ ಬಾಗಿಲು ತೋರಿಸ್ಬೇಕಿತ್ತು," ಎಂದು ಹೆಂಡತಿ ಅಹಲ್ಯಾ ಈಗಲೂ ಹೇಳುತ್ತಾರೆ.

"ಬೆಳ್ಳಿ ಅಲ್ಲ ಅನ್ನೋದು ನಿಜ ತಾನೆ?" ಎಂದು ಡಾಕ್ಟರು ಈಗಲೂ ಕೇಳುತ್ತಾರೆ.

ಇಂಥವರು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕುಂಬಾರಿಕೆ ಕಲಿಯಲು ಹೊರಟದ್ದಕ್ಕೆ ಕಾರಣ ಹೋದ ವರ್ಷದ ಗಣಪತಿ. ಅದು ಅಂಗಡಿಯಿಂದ ತಂದ ಮೂರ್ತಿ. 'ಅಪ್ಪಟ ಮಣ್ಣು' ಎಂದು ಡಬ್ಬಿಯ ಮೇಲೆ ಬರೆದಿತ್ತು. ಪೂಜೆ ಮುಗಿಸಿ ಹಿತ್ತಿಲಿನ ನೀಲಿ ಟಬ್ಬಿನಲ್ಲಿ ಬಿಟ್ಟರೆ ಬಣ್ಣ ಕರಗಿತು, ಗಣಪತಿ ಕರಗಲಿಲ್ಲ. ಪ್ಲಾಸ್ಟರ್! ಅಹಲ್ಯಾ ಅವರ ಮನೆಯಲ್ಲಿ ಈ ವಿಷಯಕ್ಕೊಂದು ಕಾನೂನಿದೆ: ದೇವರು ಪೂರ್ತಿ ಕರಗಿ, ಆ ನೀರು ಕರಿಬೇವಿನ ಗಿಡದ ಬುಡ ಸೇರುವ ತನಕ ಅವನು ಮನೆಯ ಅತಿಥಿ, ಎರಡು ಹೊತ್ತೂ ನೈವೇದ್ಯ ಆಗಲೇಬೇಕು, ನೈವೇದ್ಯ ಮಾಡುವವರು ಊರು ಬಿಡುವಂತಿಲ್ಲ. ನೈವೇದ್ಯ ಮಾಡಲು ಬರುತ್ತಿದ್ದದ್ದು ಒಬ್ಬರಿಗೇ. ಪ್ಲಾಸ್ಟರು ನೆನೆದು ಪುಡಿಯಾಗುವ ತನಕ ಹನ್ನೊಂದು ದಿನ ಗಣಪತಿ ಟಬ್ಬಿನಲ್ಲಿ ಕೂತ, ಅಹಲ್ಯಾ ಅಡುಗೆಮನೆಯಲ್ಲಿ ನಿಂತರು. ಆ ಹನ್ನೊಂದು ದಿನಗಳಲ್ಲೇ ಬ್ರಿಸ್ಬೇನಿನಲ್ಲಿ ಮಗಳು ಪೂರ್ವಿಯ ಪದವಿ ಸಮಾರಂಭ ನಡೆದುಹೋಯಿತು. ಮಗಳು ಕಪ್ಪು ಗೌನು ತೊಟ್ಟು ವೇದಿಕೆ ಹತ್ತಿದ್ದನ್ನು ತಾಯಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ನೋಡಿದರು. ಅದಾದ ಮೇಲೆ ಮೂರು ದಿನ ಡಾಕ್ಟರ ಹತ್ತಿರ ಮಾತಾಡಲಿಲ್ಲ. ಮೂರ್ತಿ ತಂದವರು ಡಾಕ್ಟರೇ ಆಗಿದ್ದರು.

ಈ ವರ್ಷ ಪೂರ್ವಿಗೆ ಕೆಲಸ ಸಿಕ್ಕಿ, ಅದೇ ಬ್ರಿಸ್ಬೇನಿನ ಸನ್ನಿಬ್ಯಾಂಕಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಅಮ್ಮ ಬಂದು ಹಾಲುಕ್ಕಿಸುವ ತನಕ ಒಲೆ ಹಚ್ಚುವುದಿಲ್ಲ ಎಂದು ಹಟ ತೊಟ್ಟು, ಎದುರು ಬೀದಿಯ ನೂಡಲ್ಸ್ ಅಂಗಡಿಗಳಲ್ಲಿ ಖಾಯಂ ಗಿರಾಕಿಯಾಗಿದ್ದಳು. ಗಂಡಹೆಂಡಿರಿಬ್ಬರಿಗೂ ಟಿಕೆಟ್ ಆಗಿತ್ತು. ಹಬ್ಬ ವಾರದ ನಡುವೆ, ವಿಸರ್ಜನೆ ಭಾನುವಾರ ಬೆಳಿಗ್ಗೆ, ವಿಮಾನ ಭಾನುವಾರ ಮಧ್ಯಾಹ್ನ ಮೂರಕ್ಕೆ.

"ಈ ಸಲ ಗಣಪತಿ ನನ್ನ ಕೈಯಿಂದ!" ಎಂದು ಡಾಕ್ಟರು ಊಟದ ಮೇಜು ಕುಟ್ಟಿ ಸಾರಿದರು. "ಶುದ್ಧ ಮಣ್ಣು! ಹತ್ತಕ್ಕೆ ನೀರಿಗೆ ಬಿಟ್ರೆ ಹನ್ನೊಂದಕ್ಕೆ ಕರಿಬೇವಿನ ಬುಡದಲ್ಲಿ. ಮೂರಕ್ಕೆ ನೀನು ಕಿಟಕಿ ಪಕ್ಕದ ಸೀಟಲ್ಲಿ!"

"ಚಪಾತಿ ಹಿಟ್ಟು ಕಲಸೋಕೆ ಬರಲ್ಲ ನಿಮಗೆ."

"ಚಪಾತಿ ಬೇರೆ, ಕಲೆ ಬೇರೆ ಕಣೇ."

"ಈ ಸಲ ನಾನು ಆ ಫ್ಲೈಟ್ ಹತ್ತಲಿಲ್ಲ ಅಂದ್ರೆ ನೋಡಿ," ಎಂದರು ಅಹಲ್ಯಾ. ಏನನ್ನು ನೋಡಬೇಕೆಂದು ಹೇಳಲಿಲ್ಲ. ಹೇಳದಿದ್ದದ್ದೇ ಡಾಕ್ಟರಿಗೆ ಹೆಚ್ಚು ಭಯ ಹುಟ್ಟಿಸಿತು.

ಕಾರ್ಯಾಗಾರ ನಡೆಯುತ್ತಿದ್ದದ್ದು ಬಡಾವಣೆಯಾಚೆಯ ಒಂದು ಹಳೆಯ ತಗಡಿನ ಶೆಡ್ಡಿನಲ್ಲಿ. ಆರು ಶನಿವಾರ, ಎಂಟು ಜನ ಶಿಷ್ಯರು, ಗುರು ಗ್ವೆನ್. ಅರವತ್ತು ದಾಟಿದ ಈ ಹೆಂಗಸಿನ ಏಪ್ರನ್ನಿನ ಮೇಲೆ ಮೂವತ್ತು ವರ್ಷದ ಮಣ್ಣಿತ್ತು, ಮುಖದ ಮೇಲೆ ಮೂವತ್ತು ವರ್ಷದ ತಾಳ್ಮೆ.

ಆ ತಾಳ್ಮೆಗೆ ಮೊದಲ ಶನಿವಾರವೇ ಪರೀಕ್ಷೆ ಒದಗಿತು. ಡಾಕ್ಟರು ಒಳಗೆ ಬಂದವರೇ ಗೋಡೆಯ ಹಲಗೆಯ ಮೇಲೆ ಒಣಗಲು ಇಟ್ಟಿದ್ದ ಉದ್ದ ಕತ್ತಿನ ಹೂದಾನಿಯೊಂದನ್ನು ಕಂಡು, ಅಭ್ಯಾಸಬಲದಿಂದ ಹತ್ತಿರ ಹೋಗಿ, ಕಿವಿ ಬಾಗಿಸಿ, ಗೆಣ್ಣಿನಿಂದ ಒಂದು ಕುಟ್ಟಿದರು. 'ದಬ್' ಎಂದಿತು. ಸಂದೇಹ ನಿವಾರಣೆಗೆ ಇನ್ನೊಂದು ಕುಟ್ಟಿದರು. ಹೂದಾನಿ ಎರಡಾಯಿತು.

"ಅದು ಹಸಿ ಮಣ್ಣು, ಡಾಕ್ಟರ್," ಎಂದಳು ಗ್ವೆನ್ ತನ್ನ ಇಂಗ್ಲಿಷಿನಲ್ಲಿ, ಚೂರುಗಳನ್ನು ಆಯುತ್ತ. "ಒಣಗಿದರೂ ಹಸಿಯೇ. ಹಾಗಾಗಿ ದಬ್ ಅನ್ನುತ್ತದೆ, ನೀರು ತಾಕಿದರೆ ಕರಗುತ್ತದೆ. ಗೂಡಿನಲ್ಲಿ ಸುಟ್ಟ ಮೇಲೆ ಠಣ್ ಅನ್ನುತ್ತದೆ. ಆಗ ನೀರಿಗೂ ಜಗ್ಗುವುದಿಲ್ಲ."

"ನನಗೆ ಹುಟ್ಟಿದಾಗಿನಿಂದ ಗೊತ್ತು," ಎಂದರು ಡಾಕ್ಟರು.

ಓದುಗರು ಈ ಪಾಠವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಡಾಕ್ಟರು ಇಡಲಿಲ್ಲ.

ತಿರುಗುವ ಚಕ್ರದ ಮೇಲೆ ಅವರ ಪರಾಕ್ರಮ ಬೇರೆಯದೇ ಕಥೆ. ಮೊದಲ ವಾರ ಹೂಜಿ ಮಾಡಲು ಕೂತರು, ತಟ್ಟೆಯಾಯಿತು. ಎರಡನೆಯ ವಾರ ತಟ್ಟೆ ಮಾಡಲು ಕೂತರು, ಮಣ್ಣು ಚಕ್ರ ಬಿಟ್ಟು ಹಾರಿ, ಪಕ್ಕದಲ್ಲಿ ಕೂತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರ ಕನ್ನಡಕದ ಮೇಲೆ ವಿಶ್ರಮಿಸಿತು. ಮನೆಗೆ ಬಂದ ಕಲಾಕೃತಿಗಳಲ್ಲಿ ಒಂದು ಸೋಪಿನ ಬಟ್ಟಲಾಯಿತು, ಇನ್ನೊಂದು ಬಾಗಿಲು ಮುಚ್ಚದಂತೆ ಇಡುವ ಒತ್ತಾಯಿತು. ಮೂರನೆಯ ವಾರ ಗ್ವೆನ್ ಸೂಕ್ಷ್ಮವಾಗಿ, "ನಿಮ್ಮ ಪ್ರತಿಭೆಗೆ ಚಕ್ರ ಸಾಲದು, ಕೈಯಲ್ಲೇ ಮಾಡಿ," ಎಂದಳು. ಡಾಕ್ಟರು ಅದನ್ನು ಬಡ್ತಿ ಎಂದು ಭಾವಿಸಿದರು.

ಆಮೇಲೆ ಆಶ್ಚರ್ಯವೇ ನಡೆಯಿತು. ಕೈಯಲ್ಲೇ ತಿದ್ದತೊಡಗಿದ ಮೇಲೆ ಗಣಪತಿ ನಿಜವಾಗಿಯೂ ಗಣಪತಿಯಂತೆ ಕಾಣತೊಡಗಿದ! ಗೇಣುದ್ದದ ಮೂರ್ತಿ. ಸೊಂಡಿಲು ಎಡಕ್ಕೆ, ಹೊಟ್ಟೆ ಮುಂದಕ್ಕೆ, ಇಲಿ ಮಾತ್ರ ಸ್ವಲ್ಪ ಕಾಂಗರೂ ಜಾತಿಯದು. ದಪ್ಪ ಮಣ್ಣು ಬಿರಿಯುತ್ತದೆಂದು ಗ್ವೆನ್ ಬುಡದಲ್ಲೊಂದು ತೂತು ಕೊರೆದು ಹೊಟ್ಟೆಯನ್ನು ಒಳಗಿಂದ ಟೊಳ್ಳು ಮಾಡಿಸಿದಳು. "ನಮ್ಮ ದೇವರ ಹೊಟ್ಟೆ ಖಾಲಿ ಇರೋ ಹಾಗಿಲ್ಲ," ಎಂದು ಡಾಕ್ಟರು ಪ್ರತಿಭಟಿಸಿ, ಅವಳಿಗೆ ಇಪ್ಪತ್ತು ನಿಮಿಷ ಗಣಪತಿಯ ಚರಿತ್ರೆ ಹೇಳಿದರು. ಮೈಯ ಮಣ್ಣಿನಿಂದ ಹುಟ್ಟಿದ್ದು, ತಲೆ ಹೋದದ್ದು, ಆನೆಯ ತಲೆ ಬಂದದ್ದು, ಕಡುಬು, ಚಂದ್ರ, ಹೊಟ್ಟೆಗೆ ಹಾವು. ಗ್ವೆನ್ ಕಣ್ಣರಳಿಸಿ ಕೇಳಿದಳು.

"ಹಬ್ಬ ಆದ ಮೇಲೆ ಏನು ಮಾಡುತ್ತೀರಿ?"

"ನೀರಿನಲ್ಲಿ ಇಡುತ್ತೇವೆ!" ಎಂದರು ಡಾಕ್ಟರು ಭಕ್ತಿಯಿಂದ.

"ನೀರಿನಲ್ಲೇ? ಪೂರ್ತಿ?"

"ಪೂರ್ತಿ! ಮುಳುಗುವ ಹಾಗೆ!"

ಗ್ವೆನ್ ಗಂಭೀರವಾಗಿ ತಲೆಯಾಡಿಸಿ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಹೀಗೆ ಇಪ್ಪತ್ತು ನಿಮಿಷಗಳ ಪುರಾಣದಲ್ಲಿ ಹೇಳದೆ ಉಳಿದದ್ದು ಒಂದೇ ಮಾತು: ಕರಗಬೇಕು, ಸುಡಬೇಡ.

ಆರನೆಯ ಶನಿವಾರ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಣಪತಿಯನ್ನು ಗ್ವೆನ್ ಮಗುವಿನಂತೆ ಅವರ ಕೈಗಿಟ್ಟಳು. ಬಣ್ಣ ಸ್ವಲ್ಪ ಕೆಂಪಗಾಗಿತ್ತು. ಚೆನ್ನಾಗಿ ಒಣಗಿದೆ ಎಂದುಕೊಂಡರು ಡಾಕ್ಟರು. ಕಾರಿನಲ್ಲಿ ಒಂದು ನಿಮಿಷ ಗಣಪತಿಯೂ ಅವರೂ ಇಬ್ಬರೇ ಕೂತಿದ್ದರು. ಮನೆ ತಲುಪಿದಾಗ ಅವರ ಮುಖದಲ್ಲಿ ಮಂದಹಾಸವಿತ್ತು.

ಹಬ್ಬ ಅದ್ಭುತವಾಗಿ ನಡೆಯಿತು. ಬಂದವರೆಲ್ಲ ಮೂರ್ತಿಯನ್ನು ಹೊಗಳಿದರು. ಪಕ್ಕದ ಬೀದಿಯ ಇಂಜಿನಿಯರ್ ರಮಾಕಾಂತ್ ಕೂಡ, ಯಾವುದನ್ನೂ ಹೊಗಳದ ಮನುಷ್ಯ, "ಪರವಾಗಿಲ್ಲ ಡಾಕ್ಟ್ರೇ, ಆನೆ ಅಂತ ಗೊತ್ತಾಗುತ್ತೆ," ಎಂದರು.  ಆ ದಿನ ಅಹಲ್ಯಾ ಬಡಿಸುವಾಗ ಗಂಡನ ಎಲೆಗೆ ಕೇಳದೆಯೇ ಇನ್ನೆರಡು ಕಡುಬು ಬಿದ್ದವು. ಡಾಕ್ಟರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು. ಹಿತ್ತಿಲಲ್ಲಿ ಇಪ್ಪತ್ತು ಜನ, ನಡುವೆ ನೀಲಿ ಟಬ್ಬು. ಪುರೋಹಿತ ಚಾಮರಾಜ ಅಡಿಲೇಡಿನವರು. ವಾರವಿಡೀ ಸಾಫ್ಟ್‌ವೇರ್, ಭಾನುವಾರ ಮಂತ್ರ. ಗ್ಲೆನೆಲ್ಗಿನ ತಮ್ಮ ಫ್ಲ್ಯಾಟಿನಿಂದ ಐಪ್ಯಾಡಿನಲ್ಲಿ ಪ್ರತ್ಯಕ್ಷರಾಗಿ, ಹಿಂದೆ ಸಮುದ್ರದ ಗಾಳಿ ಬೀಸುತ್ತಿದ್ದಂತೆ ದೇವರನ್ನು ಬೀಳ್ಕೊಡುವ ಉದ್ವಾಸನೆ ಮಾಡಿಸಿದರು. ಮಹಾಬಲೇಶ್ವರರು ಮೂರ್ತಿಯನ್ನು ಎತ್ತಿ, ಮೂರು ಸಲ ಮುಳುಗಿಸಿ, ನೀರಿನಲ್ಲಿ ಕೂರಿಸಿದರು.

ಗುಳುಗುಳು ಎಂದು ಗುಳ್ಳೆಗಳೆದ್ದವು!

"ನೋಡಿ! ಕರಗೋಕೆ ಶುರು!" ಎಂದು ಡಾಕ್ಟರು ಕೂಗಿದರು. ಇಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಟೊಳ್ಳು ಹೊಟ್ಟೆಯೊಳಗಿನ ಗಾಳಿ ತೀರಿತು. ಗುಳ್ಳೆ ನಿಂತಿತು.

ಹತ್ತೂವರೆಗೆ ಗಣಪತಿ ಹಾಗೇ ಇದ್ದ. ಹನ್ನೊಂದಕ್ಕೆ ತೊಳೆದ ಮುಖದಿಂದ ಇನ್ನೂ ಲಕ್ಷಣವಾಗಿದ್ದ. ಅರಿಶಿನ ಕುಂಕುಮವಷ್ಟೇ ನೀರಿಗೆ ಬಿಟ್ಟಿತ್ತು, ಇಲಿಯ ಮೂತಿ ಸಹ ಮೊಂಡಾಗಿರಲಿಲ್ಲ.

"ಸ್ವಲ್ಪ ನಿಧಾನದ ಮಣ್ಣು," ಎಂದರು ಡಾಕ್ಟರು.

"ಡಾಕ್ಟ್ರೇ, ಬಿಸಿನೀರು ಹಾಕಿ ನೋಡೋಣ್ವಾ?" ಎಂದರು ರಮಾಕಾಂತ್.

"ದೇವ್ರೇನು ಟೀ ಪುಡೀನಾ?" ಎಂದು ಅವರ ಹೆಂಡತಿ ವೇದಾ ಗದರಿದರು.

ಅಹಲ್ಯಾ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿದ್ದ ಎರಡು ಸೂಟ್‌ಕೇಸುಗಳನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಪೂರ್ವಿಯ ವಿಡಿಯೋ ಕರೆ ಬಂತು. "ಅಮ್ಮಾ, ಆರ್ ಯು ಲೀವಿಂಗ್?" ಎಂದವಳು ಟಬ್ಬು ನೋಡಿ, "ಓ ನೋ, ನಾಟ್ ಅಗೇನ್!" ಎಂದಳು. "ಅಪ್ಪಾ, ಜಸ್ಟ್ ಸ್ಮ್ಯಾಶ್ ಇಟ್!"

"ಬಿಡ್ತು ಅನ್ನು!" ಎಂದು ಅಹಲ್ಯಾ ಎಷ್ಟು ಜೋರಾಗಿ ಹೇಳಿದರೆಂದರೆ ಪೂರ್ವಿ ಸನ್ನಿಬ್ಯಾಂಕಿನಿಂದಲೇ ಬಿಡ್ತು ಅಂದಳು.

ಐಪ್ಯಾಡಿನಲ್ಲಿ ಇನ್ನೂ ಇದ್ದ ಚಾಮರಾಜರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಮಂತ್ರ ಆಗಿದೆ. ಶಾಸ್ತ್ರದ ಪ್ರಕಾರ ದೇವರು ಹೊರಟು ಹೋಗಿದಾನೆ."

"ಹೊರಟಿದ್ರೆ ಇಲ್ಲಿ ನನ್ನ ಮುಖ ನೋಡ್ತಾ ಕೂತಿರೋರು ಯಾರು?"

ಅಡಿಲೇಡಿನ ಗಾಳಿಯ ಸದ್ದು ಜೋರಾಯಿತು. ಕರೆ ತುಂಡಾಯಿತು. ತಾನಾಗಿ ತುಂಡಾಯಿತೋ, ಪುರೋಹಿತರು ತುಂಡು ಮಾಡಿದರೋ ಇವತ್ತಿಗೂ ತಿಳಿಯದು.

ಹನ್ನೆರಡಕ್ಕೆ ಡಾಕ್ಟರು ಕೊನೆಯ ಅಸ್ತ್ರವಾಗಿ ಗ್ವೆನ್‌ಗೆ ಫೋನ್ ಮಾಡಿದರು. ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಒತ್ತಿಹೋಯಿತು.

"ಓ ಡಾಕ್ಟರ್! ನೀರಿಗೆ ಇಟ್ಟಿರಾ?" ಎಂದಳು ಗ್ವೆನ್ ಸಂಭ್ರಮದಿಂದ. "ಹೆದರಬೇಡಿ, ಏನೂ ಆಗುವುದಿಲ್ಲ! ನೀವು ಪೂರ್ತಿ ಮುಳುಗಿಸುತ್ತೇವೆ ಅಂದಿರಲ್ಲ, ಅದಕ್ಕೇ ನಾನು ಎರಡು ಸಲ ಸುಟ್ಟೆ. ಎರಡನೇ ಸಲ ಬಹಳ ಹೆಚ್ಚಿನ ಕಾವಿನಲ್ಲಿ! ಸಾವಿರ ವರ್ಷ ನೀರಿನಲ್ಲಿದ್ದರೂ ನಿಮ್ಮ ದೇವರ ಒಂದು ಕೂದಲೂ ಕೊಂಕುವುದಿಲ್ಲ. ಅದು ನಿಮ್ಮ ಹಬ್ಬಕ್ಕೆ ನನ್ನ ಉಡುಗೊರೆ!"

 ಬೇಲಿಯ ಮೇಲೆ ಕೂತಿದ್ದ ಮ್ಯಾಗ್‌ಪೈ ಹಕ್ಕಿ ಮಾತ್ರ ತನ್ನ ಅಭಿಪ್ರಾಯ ಹೇಳಿ ಹಾರಿಹೋಯಿತು.

"ಥ್ಯಾಂಕ್ ಯು," ಎಂದರು ಡಾಕ್ಟರು. ಇನ್ನೇನು ಹೇಳಬಹುದಿತ್ತು?

ಇಪ್ಪತ್ತು ಜನರ ಕಣ್ಣು ಅಹಲ್ಯಾ ಅವರ ಮೇಲೆ ನೆಟ್ಟಿತು. ಅವರು ನಿಧಾನವಾಗಿ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ತಮ್ಮ ಅಡುಗೆಮನೆಯ ಏಪ್ರನ್ ಇತ್ತು. ಅದನ್ನು ಗಂಡನ ಕೊರಳಿಗೆ ಹಾಕಿ, ಹಿಂದೆ ಗಂಟು ಬಿಗಿದರು.

"ಹೋದ ವರ್ಷ ನಾನು ಉಳ್ಕೊಂಡೆ. ಈ ವರ್ಷ ನಿಮ್ಮ ಸರದಿ. ಅನ್ನ, ತೊವ್ವೆ, ಒಂದು ಪಾಯಸ. ಎರಡು ಹೊತ್ತು. ಸ್ನಾನ ಮಾಡಿ ಮಾಡ್ಬೇಕು."

"ಎಷ್ಟು ದಿನ?"

"ಅವನು ಕರಗೋವರೆಗೂ."

"ಸಾವಿರ ವರ್ಷ ಅಂದ್ಳಲ್ರೀ ಆಯಮ್ಮ," ಎಂದು ರಮಾಕಾಂತ್ ಲೆಕ್ಕ ಒಪ್ಪಿಸಿದರು. "ಬೇಳೆ ಜಾಸ್ತಿ ತರಿಸಿಡಿ ಡಾಕ್ಟ್ರೇ."

ಬಾಗಿಲ ಬಳಿಯ ಎರಡು ಸೂಟ್‌ಕೇಸುಗಳಲ್ಲಿ ಒಂದು ಒಳಗೆ ಹೋಯಿತು, ಒಂದು ಕಾರಿಗೆ ಹೋಯಿತು. ಏಪ್ರನ್ ಬಿಚ್ಚಲು ಮರೆತ ಡಾಕ್ಟರು ವಿಮಾನ ನಿಲ್ದಾಣದವರೆಗೂ ಹಾಗೇ ಕಾರು ಓಡಿಸಿದರು. ಅಹಲ್ಯಾ ಕಿಟಕಿಯಾಚೆ ನೋಡುತ್ತ ಏನೋ ರಾಗ ಗುನುಗುತ್ತಿದ್ದರು. ಒಂದು ವರ್ಷದಿಂದ ಆ ಗುನುಗು ಕೇಳಿರಲಿಲ್ಲ.

ಇಳಿಯುವ ಜಾಗದಲ್ಲಿ ಸೂಟ್‌ಕೇಸ್ ಕೆಳಗಿಟ್ಟು ಅಹಲ್ಯಾ ತಿರುಗಿ ನಿಂತರು.

"ಒಂದು ಮಾತು ಕೇಳ್ಲಾ? ನಮ್ಮಪ್ಪನ ಲೋಟ ಕುಟ್ಟಿದ್ರಿ. ಕಾರು ಕುಟ್ಟಿದ್ರಿ, ಗೋಡೆ ಕುಟ್ಟಿದ್ರಿ, ನನ್ನ ತಲೇನೊಂದು ಬಿಟ್ಟು ಈ ಪ್ರಪಂಚದಲ್ಲಿ ಇರೋದನ್ನೆಲ್ಲ ಕುಟ್ಟಿದ್ರಿ. ಆ ಗಣಪತೀನ ಒಂದೇ ಒಂದು ಸಲ ಕುಟ್ಟಿ ನೋಡೋಕೆ ಏನಾಗಿತ್ತು ನಿಮಗೆ?"

ಡಾಕ್ಟರು ಏಪ್ರನ್ನಿನ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡರು.

"ನೋಡ್ದೆ ಕಣೇ, ಕಾರಲ್ಲಿ. ಠಣ್ ಅಂತು. ಒಳ್ಳೇ ಮಾಲು ಅಂತ ಮನೆಗೆ ತಂದೆ."