ದೆವ್ವದ ಎರಡನೇ ಭಾಗ ಮತ್ತು ನನ್ನ ವಿಭೂತಿ

ಕಳೆದ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ನಿಂತಿದ್ದದ್ದು ಹರಿಹರದ ಒಂದು ಚಿತ್ರಮಂದಿರದ ಬಾಲ್ಕನಿಯ ಎಡಗಡೆ ಬಾಗಿಲಲ್ಲಿ. ಬಲಗಾಲು ಒಳಗೆ, ಎಡಗಾಲು ಹೊರಗೆ, ಕೈಯಲ್ಲಿ ಬಾಗಿಲ ಪರದೆಯ ಅಂಚು. ಮೂವತ್ತು ವರ್ಷ ಸರ್ವೆಯವನಾಗಿ ಹೊಲ ಅಳೆದವನು ನಾನು. ಎಲ್ಲಿ ನಿಂತಿದ್ದೆ ಎಂಬುದರಲ್ಲಿ ಒಂದು ಅಡಿಯೂ ಹೆಚ್ಚುಕಡಿಮೆ ಆಗುವುದಿಲ್ಲ.  ಉಳಿದದ್ದನ್ನೂ ಹಾಗೇ ಅಳೆದು ಬರೆಯುತ್ತೇನೆ.

ನಾವು ದಾವಣಗೆರೆಯ ಪಿ.ಜೆ. ಬಡಾವಣೆಯವರು. ಹರಿಹರಕ್ಕೆ ಹೋಗಿದ್ದು ಸಿನಿಮಾಕ್ಕಲ್ಲ, ಮಗಳು ಸೌಮ್ಯಳಿಗೆ ನೋಡಿದ್ದ ಹುಡುಗನ ಮನೆ ನೋಡಲು. ಹುಡುಗ ಮಂಜುನಾಥ, ಅಲ್ಲಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಅವನೂ ಇವಳೂ ಒಪ್ಪಿಯಾಗಿತ್ತು. ಒಪ್ಪಬೇಕಾಗಿದ್ದವರು ಹುಡುಗನ ತಾಯಿ ಶಾಂತಮ್ಮ. ಮೂರು ಸಲ ಭೇಟಿಯಾದರೂ ಅವರು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ನಮ್ಮ ಕಡೆ ಸಂಬಂಧ ಗಟ್ಟಿಯಾಗುವ ತನಕ ಯಾರೂ ಯಾರನ್ನೂ ‘ಬೀಗರೇ’ ಅನ್ನುವುದಿಲ್ಲ. ಆ ಮಾತು ಬಾಯಿಂದ ಬಂತೆಂದರೆ ಒಪ್ಪಿಗೆ ಕೊಟ್ಟಂತೆ. ಶಾಂತಮ್ಮ ನನ್ನನ್ನು ಬಹಳ ಎಚ್ಚರಿಕೆಯಿಂದ ‘ಸರ್ವೆ ಸಾಹೇಬ್ರೇ’ ಎಂದೇ ಕರೆಯುತ್ತಿದ್ದರು.

ಬಸ್ಸು ದಾರಿಯ ನಡುವಿನ ಬಾತಿ ಊರು ದಾಟುವಾಗ ಸೌಮ್ಯ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

“ಅಪ್ಪಾ, ನನಗೆ ಈ ಸಂಬಂಧ ಮನಸಿಗೆ ಬಂದೈತೆ. ನೀನು ಇವತ್ತೊಂದು ದಿನ ದೊಡ್ಡ ಮಾತು ಆಡಬ್ಯಾಡ.”

“ನಾನು ಯಾವಾಗ ಆಡೀನವ್ವಾ?” ಎಂದೆ.

ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಗಿರಿಜಾ ಕೆಮ್ಮಿದಳು. ಅವಳಿಗೆ ನೆಗಡಿ ಇರಲಿಲ್ಲ.

ಊಟ ಸೊಗಸಾಗಿತ್ತು. ಕೈ ತೊಳೆಯುವವರೆಗೆ ನನ್ನಿಂದ ಯಾವ ತಪ್ಪೂ ಆಗಲಿಲ್ಲ. ಆಮೇಲೆ ಮಂಜುನಾಥ, “ಆ ಬಾವಿ ದೆವ್ವದ ಪಿಕ್ಚರ್ದು ಎರಡನೇ ಭಾಗ ಬಂದೈತ್ರಿ. ಮೊದಲ್ನೇದಕ್ಕೆ ಏನೂ ಕಮ್ಮಿ ಇಲ್ವಂತೆ. ಮಧ್ಯಾಹ್ನದ ಆಟಕ್ಕೆ ಎಲ್ರೂ ಹೋಗೋಣೇನ್ರಿ?” ಎಂದ.

ಇಲ್ಲಿ ನಾನು ಸುಮ್ಮನಿರಬೇಕಾಗಿತ್ತು.

“ಎರಡನೇ ಭಾಗ ಅಂದ್ರೆ ನಿನ್ನೆ ಅನ್ನಕ್ಕೆ ಇವತ್ತಿನ ಒಗ್ಗರಣೆ!” ಎಂದು ಘೋಷಿಸಿದೆ. “ಅದಕ್ಕ್ಯಾರು ಹೆದರ್ತಾರೆ? ಮೊದಲನೇದನ್ನೇ ನಾನು ನಕ್ಕೊಂತ ನೋಡೀನಿ.”

“ಹೌದೌದು,” ಎಂದಳು ಗಿರಿಜಾ. “ನೋಡಿ ಬಂದು ಮೂರು ವಾರ, ಹಿತ್ತಲ ನಲ್ಲಿಗೆ ಹೋಗಾಕೆ ನನ್ನ ಸೆರಗು ಹಿಡ್ಕೊಂಡು ನಕ್ಕೊಂತ ಬರ್ತಿದ್ರು.”

ಸೌಮ್ಯ ನನ್ನ ಕಾಲು ತುಳಿದಳು. ಶಾಂತಮ್ಮ ನಗಲಿಲ್ಲ. “ಹೋಗೋಣ ನಡೀರಿ. ಸಾಹೇಬ್ರ ಧೈರ್ಯನೂ ನೋಡಿದಂಗಾತು,” ಎಂದು ಸ್ಟೀಲ್ ಡಬ್ಬಿಯೊಂದಕ್ಕೆ ಖಾರ ಮಂಡಕ್ಕಿ ತುಂಬಿಕೊಂಡರು.

ಆಸನ ವ್ಯವಸ್ಥೆಯನ್ನು ದಾಖಲಿಸುತ್ತೇನೆ. ದಾರಿಯ ಪಕ್ಕದ ಸೀಟು ನನ್ನದು. ನನ್ನ ಬಲಕ್ಕೆ ಶಾಂತಮ್ಮ, ಅವರ ಬಲಕ್ಕೆ ಗಿರಿಜಾ, ಅದರಾಚೆ ಮಕ್ಕಳಿಬ್ಬರು.

ಮೊದಲ ಭಾಗದಲ್ಲಿ ದೆವ್ವ ಬಾವಿಯಿಂದ ಬಂದಿತ್ತು. ಹಾಗಾಗಿ ಈ ಸಲ ಬಾವಿ ಕಂಡಾಗೆಲ್ಲ ನಾನು ಕಣ್ಣು ಮುಚ್ಚಲು ಸಿದ್ಧನಾಗಿ ಕೂತಿದ್ದೆ. ಬಾವಿ ಮೂರು ಸಲ ಬಂತು. ಮೂರು ಸಲವೂ ಅದರಲ್ಲಿ ಇದ್ದದ್ದು ನೀರು. ನಾಲ್ಕನೇ ಸಲ ನಾನು ನಿರಾಳನಾಗಿ ಕಣ್ಣು ತೆರೆದುಕೊಂಡೇ ಇದ್ದೆ. ಆಗಲೂ ಬಾವಿಯಿಂದ ಏನೂ ಬರಲಿಲ್ಲ. ನೀರು ಸೇದುತ್ತಿದ್ದವಳು ಮೆಲ್ಲಗೆ ನಮ್ಮ ಕಡೆ ತಿರುಗಿದಳು! ಸುಣ್ಣ ಬಳಿದಂಥ ಬಿಳಿ ಮುಖ!

ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಒಳ್ಳೆಯ ಎರಡನೇ ಭಾಗ ಮೊದಲಿನದನ್ನೇ ಮತ್ತೆ ಬಡಿಸುವುದಿಲ್ಲ. ನಾವು ಏನನ್ನು ನೆನಪಿಟ್ಟುಕೊಂಡು ಕೂತಿದ್ದೇವೆ ಎಂದು ಅದಕ್ಕೆ ಗೊತ್ತಿರುತ್ತದೆ. ನಾವು ಮುಂಬಾಗಿಲಿಗೆ ಚಿಲಕ ಹಾಕಿ ಕೂತಿರುವಾಗ ಅದು ಅಡುಗೆಮನೆಯಲ್ಲಿ ಆಗಲೇ ಕೂತಿರುತ್ತದೆ.

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ವಿಭೂತಿ ಗಟ್ಟಿ ಇರುತ್ತದೆ. ನೀರಿನ ಬಾಟಲಿ ತೆಗೆಯಲು ಹೋಗಿ ಕೈ ತುಂಬ ನೀರು ಚೆಲ್ಲಿಕೊಂಡಿದ್ದೆ. ಒದ್ದೆ ಬೆರಳಿನಿಂದ ಗಟ್ಟಿಯನ್ನು ತಿಕ್ಕಿ, ಹಣೆಗೆ ಮೂರು ಬೆರಳು ಎಳೆದುಕೊಂಡೆ. ಸ್ವಲ್ಪ ಧೈರ್ಯ ಬಂತು. ಮುಂದಿನ ದೃಶ್ಯಕ್ಕೆ ಕೆನ್ನೆಗಳಿಗೆ ಹಚ್ಚಿದೆ. ಅದರ ಮುಂದಿನದಕ್ಕೆ ಮೂಗು, ಗದ್ದ, ಕುತ್ತಿಗೆ. ಇಂಟರ್ವೆಲ್ ಹತ್ತಿರ ಬರುವ ಹೊತ್ತಿಗೆ ನನ್ನಲ್ಲಿ ಹಚ್ಚಲು ಜಾಗ ಉಳಿದಿರಲಿಲ್ಲ.

ವಿಭೂತಿ ಹಚ್ಚುವವರಿಗೆಲ್ಲ ತಿಳಿದ ವಿಷಯ ಒಂದಿದೆ. ಒದ್ದೆ ಇರುವಾಗ ಅದು ಕಾಣುವುದಿಲ್ಲ. ಒಣಗಿದ ಮೇಲೆ ಎದ್ದು ಕಾಣುತ್ತದೆ. ಹುಟ್ಟಿದಾಗಿನಿಂದ ಹಚ್ಚಿಕೊಂಡು ಬಂದ ನನಗೆ ಆ ಹೊತ್ತಿನಲ್ಲಿ ಇದು ಹೊಳೆಯಲಿಲ್ಲ!

“ಒಂದ್ನಿಮಿಷ, ಫೋನ್ ಬಂದೈತೆ,” ಎಂದು ಸುಳ್ಳು ಹೇಳಿ ಎದ್ದು ಹೊರಗೆ ಬಂದೆ. ಹೊರಗಿನ ಪಡಸಾಲೆಯ ಫ್ಯಾನಿನ ಕೆಳಗೆ ಐದು ನಿಮಿಷ ಮುಖವೊಡ್ಡಿ ನಿಂತೆ. ಹಾಯೆನಿಸಿತು. ಒಣಗುತ್ತಿದ್ದೇನೆ ಎಂಬುದು ಗೊತ್ತಾಗಲಿಲ್ಲ. ಶಾಂತಮ್ಮ ಏನೆಂದುಕೊಂಡಾರು ಎಂದು ನಾಚಿಕೆಯಾಗಿ, ಪರದೆ ಸರಿಸಿ ಒಳಗೆ ಒಂದು ಕಾಲಿಟ್ಟೆ. ಆಗ ನಾಲ್ಕು ಹತ್ತು.

ತೆರೆಯ ಮೇಲೆ ಪೂರ್ತಿ ಕತ್ತಲು. ಸದ್ದೇ ಇಲ್ಲ. ಬಾಲ್ಕನಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಪಡಸಾಲೆಯ ಟ್ಯೂಬ್‌ಲೈಟಿನ ಬೆಳಕು ಪಕ್ಕದಿಂದ ನನ್ನ ಮುಖಕ್ಕೆ ಬಿದ್ದಿತ್ತು. ನಮ್ಮ ಸಾಲು ಯಾವುದೆಂದು ಕಾಣದೆ, ಯಾರಿಗೂ ತೊಂದರೆಯಾಗಬಾರದೆಂದು ದನಿ ತಗ್ಗಿಸಿ ಕರೆದೆ.

“ಗಿರಿಜಾ… ಗಿರಿಜಾ…”

ಶಾಂತಮ್ಮ ತಿರುಗಿದರು.

ಅವರು ಹಾಕಿದ ಕೂಗಿಗೆ ಇಡೀ ಬಾಲ್ಕನಿ ತಿರುಗಿ ನೋಡಿತು. ನೋಡಿ, ಅದೂ ಕೂಗಿತು. ಅಷ್ಟು ಜನ ನನ್ನ ಕಡೆ ನೋಡಿ ಕಿರುಚುತ್ತಿದ್ದಾರೆಂದರೆ ನನ್ನ ಹಿಂದೆ ಏನೋ ನಿಂತಿದೆ ಎಂದೇ ಅರ್ಥವಲ್ಲವೇ? ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಾನೂ ಕಿರುಚಿದೆ. ಕಿರುಚಿ, ರಕ್ಷಣೆಗಾಗಿ ಜನರ ಕಡೆಗೇ ಓಡಿದೆ!

ಜನ ಸೀಟು ಹತ್ತಿ ಓಡಿದರು. ಅವರು ಓಡಿದಷ್ಟೂ ನನಗೆ ಹೆದರಿಕೆ ಹೆಚ್ಚಾಯಿತು. ನಾನೂ ಬೆನ್ನು ಬಿಡಲಿಲ್ಲ. ಓಡದೆ ನಿಂತವರು ಒಬ್ಬರೇ, ಶಾಂತಮ್ಮ. ಅವರು ಎರಡೂ ಕೈಯಲ್ಲಿ ಸ್ಟೀಲ್ ಡಬ್ಬಿ ಎತ್ತಿ ನನ್ನ ನೆತ್ತಿಗೆ ಬಾರಿಸಿದರು. ಮಂಡಕ್ಕಿ ನನ್ನ ಮೇಲೆ ಅಕ್ಷತೆಯಂತೆ ಬಿತ್ತು.

ದೀಪ ಹತ್ತಿಕೊಂಡಿತು. ಗೇಟ್‌ಕೀಪರ್ ರಫೀಕ್ ಸಾಹೇಬರು ಟಾರ್ಚು ಹಿಡಿದು ಓಡಿಬಂದರು. “ಯಾರ್ರೀ ಅದು, ವೇಷ ಹಾಕ್ಕೊಂಡು ಒಳಗೆ ಬಂದವ್ರು?”

ನಾನು ನೆಲದಲ್ಲಿ ಕೂತು ತಲೆ ಹಿಡಿದುಕೊಂಡಿದ್ದೆ. ಸೌಮ್ಯಳ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮೂವತ್ತು ವರ್ಷ ಊರಿನವರ ಬದು ಸರಿಪಡಿಸಿದವನು ಮಗಳ ಬಾಳಿನ ಬದುವನ್ನು ಐದೇ ನಿಮಿಷದಲ್ಲಿ ಒಡೆದುಬಿಟ್ಟೆ ಎಂದುಕೊಂಡೆ. ಆ ಕ್ಷಣದಲ್ಲಿ ನನಗೆ ದೆವ್ವದ ಭಯ ಇರಲಿಲ್ಲ. ಇದು ಬೇರೆ ಭಯ.

ಗಿರಿಜಾ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಒರೆಸಿದ ಕಡೆಯೆಲ್ಲ ನಾನು ಸ್ವಲ್ಪ ಸ್ವಲ್ಪವಾಗಿ ಹೊರಬಂದೆ. ಶಾಂತಮ್ಮ ಬಗ್ಗಿ ನೋಡಿದರು. ಅವರ ಕೈಯಿಂದ ಡಬ್ಬಿ ಬಿತ್ತು.

“ಅಯ್ಯೋ ಶಿವನೇ! ಬೀಗರಿಗೇ ಹೊಡೆದ್ನಲ್ಲಪ್ಪಾ!”

 ಗಿರಿಜಾಳ ಕೈ ನನ್ನ ಗದ್ದದ ಮೇಲೆ ಹಾಗೇ ನಿಂತಿತು.

“ಏನಂದ್ರಿ?” ಎಂದಳು. “ಇನ್ನೊಂದ್ಸಲ ಅನ್ರಿ.”

ಶಾಂತಮ್ಮ ನಾಲಿಗೆ ಕಚ್ಚಿಕೊಂಡರು. ಮಗನನ್ನು ನೋಡಿದರು, ಸೌಮ್ಯಳನ್ನು ನೋಡಿದರು, ಕೊನೆಗೆ ನನ್ನ ನೆತ್ತಿಯ ಬುಗುಟು ನೋಡಿದರು. ಅಲ್ಲಿಗೆ ತಡೆಯಲಾಗದೆ ನಗತೊಡಗಿದರು.

“ಅಂದಿದ್ದು ಅಂದಾತು ಬಿಡ್ರಿ. ನಮ್ಮನೆಯಾಗೆ ನನ್ನಿಂದ ಹಿಡ್ದು ಎಲ್ರೂ ಗಂಭೀರದೋರು. ಇಂಥೋರು ಒಬ್ರು ಬೇಕಾಗಿತ್ತು. ಏಳ್ರಿ ಬೀಗರೇ, ಪಿಕ್ಚರ್ ಇನ್ನೂ ಅರ್ಧ ಐತೆ.”

ಉಳಿದ ಅರ್ಧವನ್ನೂ ನೋಡಿದೆವು. ಈ ಸಲ ನನ್ನನ್ನು ಹೆಂಗಸರಿಬ್ಬರ ನಡುವೆ ಕೂರಿಸಲಾಯಿತು. ಚಿತ್ರ ಮೊದಲನೆಯದಕ್ಕೆ ಸರಿಸಮ ಎಂಬುದನ್ನು ಒಪ್ಪಿ ಇಲ್ಲಿ ಬರೆದುಕೊಡುತ್ತಿದ್ದೇನೆ. ಅದನ್ನು ತೆಗೆದವರು ಯಾರೋ ಏನೋ, ಅವರು ಒಂದು ಗುಲಗಂಜಿಯಷ್ಟು ಕಡಿಮೆ ಹೆದರಿಸಿದ್ದರೂ ನಾನು ಹಣೆಗೆ ಮಾತ್ರ ಹಚ್ಚಿ ನಿಲ್ಲಿಸುತ್ತಿದ್ದೆ. ಮಗಳ ಮದುವೆ ಇನ್ನೂ ‘ಸರ್ವೆ ಸಾಹೇಬ್ರೇ’ ಹತ್ತಿರವೇ ನಿಂತಿರುತ್ತಿತ್ತು. ಅವರಿಗೆ ನನ್ನ ನಮಸ್ಕಾರ.

ಇದನ್ನು ಕಣ್ಣಾರೆ ಕಂಡವರು, ಮೊದಲನೆಯದಾಗಿ ನನ್ನ ಹೆಂಡತಿ ಗಿರಿಜಾ. ಮಗಳು ಸೌಮ್ಯ, ಅಳಿಯನಾಗಲಿರುವ ಮಂಜುನಾಥ. ಗೇಟ್‌ಕೀಪರ್ ರಫೀಕ್ ಸಾಹೇಬರು. ನನ್ನ ಬೀಗಿತ್ತಿ ಶಾಂತಮ್ಮ. ದೇವರ ದಯೆ, ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ನೆನಪಿನ ಶಕ್ತಿಯೂ ಎಲ್ಲರಿಗೂ ಚೆನ್ನಾಗಿದೆ!