ಒಬ್ಬನೇ ಹತ್ತಿದ ಹಿಮದ ಬೆಟ್ಟ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ದಾಖಲೆ ಬರೆಯುವವನು ನಾನು, ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ವಿವರಿಸುತ್ತೇನೆ. ಆದರೆ ನಾನು ಏನನ್ನಾದರೂ ಒಬ್ಬನೇ ಮಾಡಲು ಹೊರಟಾಗಲೆಲ್ಲ ಈಗ ಹೇಳಲಿರುವಂಥದ್ದು ಆಗುತ್ತಲೇ ಇರುತ್ತದೆ. ಹುಟ್ಟಿದ್ದು ದಾವಣಗೆರೆಯ ತುಂಬಿದ ಮನೆಯಲ್ಲಿ, ಓದಿದ್ದು ಹಾಸ್ಟೆಲಿನಲ್ಲಿ, ಆಮೇಲೆ ಮದುವೆ. ಮೂವತ್ತೆಂಟು ವರ್ಷದಲ್ಲಿ ಒಂದು ಇಡೀ ದಿನ ಒಂಟಿಯಾಗಿ ಕಳೆದದ್ದಿಲ್ಲ. ಒಬ್ಬನೇ ಇದ್ದರೆ ನಾನು ಹೇಗಿರುತ್ತೇನೆ? ಇದನ್ನು ತಿಳಿಯಲೆಂದೇ ಹಿಮಾಚಲದ ಒಂದು ಸುಲಭದ ಹಿಮಬೆಟ್ಟ ಆರಿಸಿಕೊಂಡೆ. ಸುಲಭ ಎಂದರೆ, ಆ ಊರಿನ ಮಕ್ಕಳೂ ಹತ್ತುತ್ತಾರಂತೆ.

೧. ಮರಳಿನಲ್ಲಿ ಅಭ್ಯಾಸ

ಹಿಮದಲ್ಲಿ ಕಾಲು ಹೂತುಹೋಗದಿರಲು ಬೂಟಿನ ಕೆಳಗೆ ಅಗಲವಾದ ಹಲಗೆಯಂಥದ್ದನ್ನು ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಸ್ನೋಶೂ ಎನ್ನುತ್ತಾರೆ. ವಿಶಾಖಪಟ್ಟಣದಲ್ಲಿ ಹಿಮವಿಲ್ಲ, ಆದರೆ ಮರಳಿದೆ. ಬೆಳಗ್ಗೆ ಆರಕ್ಕೆ ಋಷಿಕೊಂಡದ ಕಡಲ ದಡಕ್ಕೆ ಹೋಗಿ ಅವನ್ನು ಕಟ್ಟಿಕೊಂಡೆ, ಎರಡು ಕೋಲು ಹಿಡಿದೆ, ನಡೆದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು.

ಬಲೆ ಬಿಡಿಸುತ್ತಿದ್ದ ಮೀನುಗಾರ ಕೇಳಿದ, "ಏಮಿಟಿ ಸಾರ್ ಇದು?"

"ಕಾಲು ಹೂತುಹೋಗಬಾರದು ಅಂತ."

ಅವನು ನನ್ನ ಎರಡು ಹಲಗೆ, ಎರಡು ಕೋಲು ನೋಡಿದ. ಆಮೇಲೆ ಪಕ್ಕದಲ್ಲಿ ಓಡುತ್ತಿದ್ದ ಏಡಿಯನ್ನು ತೋರಿಸಿದ. "ಪಾಪ, ಅದಕ್ಕೆ ಯಾರೂ ಹೇಳಿಲ್ಲ ಸಾರ್."

೨. ಬೀಳ್ಕೊಡುಗೆ

ದೆಹಲಿ ರೈಲು ಹಿಡಿಯುವ ಮುನ್ನ ವಿಜಯವಾಡದ ಮಾವನ ಮನೆಯಲ್ಲಿ ಇಳಿದೆ. ಅಲ್ಲಿ ಅಳಿಯ, ಅವರ ತೆಲುಗಿನಲ್ಲಿ ಅಲ್ಲುಡುಗಾರು, ನೀರಿನ ಲೋಟವನ್ನೂ ತಾನೇ ಎತ್ತಿಕೊಳ್ಳುವಂತಿಲ್ಲ. ಹೊಸ ವಾಹನವಲ್ಲವೇ ಎಂದು ಅತ್ತೆ ಸ್ನೋಶೂಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ತುಳಿಯಲು ಹೇಳಿದರು. ಒಂದು ಹಣ್ಣು ಜಾರಿ ಸೋಫಾದ ಕೆಳಗೆ ಹೋಯಿತು.

ಮಾವ ಮಾತ್ರ ಗಂಭೀರವಾಗಿದ್ದರು. "ಅಲ್ಲುಡುಗಾರೂ, ಒಬ್ಬರೇ ಹೋಗಬೇಕು ಅಂತೀರಿ. ಹೋಗಿ. ಬೇಡ ಅಂದವರ್ಯಾರು? ನಮ್ಮ ಹುಡುಗನ್ನ ಜೊತೆಗೆ ಕರ್ಕೊಂಡು ಒಬ್ಬರೇ ಹೋಗಿ."

ಫ್ರಿಜ್ಜಿನ ನೀರು ಕುಡಿದರೇ ನೆಗಡಿಯಾಗುವ ಬಾಮೈದ ಬಾಗಿಲಲ್ಲಿ ನಿಂತು ಕೇಳಿದ, "ಬಾವಾ, ಅಲ್ಲಿ ಎಷ್ಟು ಡಿಗ್ರಿ?"

"ಸೊನ್ನೆಗಿಂತ ಕೆಳಗೆ."

"ನಾನ್ನಾ," ಎಂದ ತಂದೆಯ ಕಡೆ ತಿರುಗಿ, "ಬಾವ ಒಬ್ಬರೇ ಹೋಗಬೇಕು ಅಂತ ಎಷ್ಟು ದಿನದಿಂದ ಆಸೆ ಪಡ್ತಿದ್ದಾರೆ. ನಾವು ಅಡ್ಡ ಬರಬಾರದು."

೩. ಎರಡನೆಯ ಸಹಿ

ಬೆಟ್ಟದ ಬುಡದಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಉಳಿದುಕೊಂಡೆ. ಬೆಳಗ್ಗೆ ಹೊರಡುವಾಗ ಖಂಡಿತವಾಗಿ ಹೇಳಿದೆ: "ನಾನು ಒಬ್ಬನೇ ಹೋಗಬೇಕು. ಯಾರೂ ಮಾತಾಡಿಸಬಾರದು." ಅವರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು.

ಮೂರು ಗಂಟೆ ಹತ್ತಿದೆ. ಹಿಮ ಪುಡಿ ಉಪ್ಪಿನ ಹಾಗೆ ಕರಕರ ಎನ್ನುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಒಬ್ಬನೇ ಇದ್ದರೆ ನಾನು ಜೋರಾಗಿ ಹಾಡುತ್ತೇನೆ, ಮ್ಯಾನೇಜರಿಗೆ ಉತ್ತರ ಕೊಡುತ್ತೇನೆ, ಮಾವನಿಗೂ ಕೊಡುತ್ತೇನೆ ಎಂದು ಅವತ್ತು ತಿಳಿಯಿತು. ತುದಿ ತಲುಪಿ ಖುಷಿಯಿಂದ ಟಿಪ್ಪಣಿ ಪುಸ್ತಕ ತೆಗೆದೆ.

ಇಲ್ಲಿ ಒಂದು ವಿಷಯ ವಿವರಿಸಬೇಕು. ನಮ್ಮ ಕಾರ್ಖಾನೆಯಲ್ಲಿ ಬರೆಯದಿದ್ದರೆ ಕೆಲಸ ನಡೆದಿಲ್ಲವೆಂದೇ ಲೆಕ್ಕ. ಬರೆದರೂ ಸಾಲದು, ಮಾಡಿದವನ ಸಹಿಯ ಪಕ್ಕದಲ್ಲಿ ಕಣ್ಣಾರೆ ನೋಡಿದವನ ಸಹಿಯೂ ಇರಬೇಕು. ಹನ್ನೆರಡು ವರ್ಷದ ಅಭ್ಯಾಸ. "ಒಬ್ಬನೇ ತುದಿ ತಲುಪಿದೆ" ಎಂದು ಬರೆದು ಸಹಿ ಹಾಕಿದೆ. ಪಕ್ಕದ ಜಾಗ ಖಾಲಿ. ಕೆಳಗಿಳಿಯಲು ಕಾಲೇ ಬರಲಿಲ್ಲ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಅಜ್ಜಿ ಬಂದರು. ಕಾಲಲ್ಲಿ ರಬ್ಬರ್ ಬೂಟು, ಕೈಯಲ್ಲಿ ಹೆಣಿಗೆ. ನನಗೆ ದೇವರೇ ಬಂದಂತಾಯಿತು. ನನ್ನ ಹರಕು ಹಿಂದಿಯಲ್ಲಿ ವಿವರಿಸಿ ಪುಸ್ತಕ ಕೊಟ್ಟೆ. ಅವರು ನಿಧಾನವಾಗಿ ಏನೋ ಬರೆದು ಸಹಿ ಹಾಕಿದರು. ಓದಿದೆ:

"ಒಬ್ಬನೇ ಬಂದದ್ದು ನಿಜ. ಮನೆಯಿಂದಲೂ ನಾನು ಹಿಂದೆಯೇ ಇದ್ದೆ. ಎಡಗಾಲಿನ ಹಲಗೆಯನ್ನು ಬಲಗಾಲಿಗೆ ಕಟ್ಟಿಕೊಂಡಿದ್ದ. ಮಾತಾಡಿಸಬಾರದು ಎಂದಿದ್ದರಿಂದ ಹೇಳಲಿಲ್ಲ."

ಆಫೀಸಿನಲ್ಲಿ ಎಲ್ಲರೂ ಇದು ಒಂಟಿ ಆರೋಹಣ ಅಲ್ಲ ಎನ್ನುತ್ತಾರೆ. ಆದರೆ ನಿಯಮದ ಪ್ರಕಾರ ನೋಡಿದವರು ಮಾಡಿದವರಾಗುವುದಿಲ್ಲ. ಇನ್ನು ಹಿಂದೆ ಇರುವುದು ಬೇರೆ, ಜೊತೆಗಿರುವುದು ಬೇರೆ, ಏಕೆಂದರೆ ಜೊತೆ ಎನ್ನಬೇಕಾದರೆ ಮೊದಲು ಇಬ್ಬರಿಗೂ—

ಒಂದು ನಿಮಿಷ. ಹೆಂಡತಿ ಕರೆಯುತ್ತಿದ್ದಾಳೆ: "ರೀ, ಎಷ್ಟು ಹೊತ್ತು ಒಬ್ಬರೇ ಕೂತ್ಕೊಂಡಿರ್ತೀರಿ? ನೀವು ಬರ್ತೀರೋ, ನಾವೆಲ್ಲ ಅಲ್ಲಿಗೇ ಬರೋದೋ?"